77 ಡಾಲರಿನ ಲೆಕ್ಕ

(ಸಿಡ್ನಿಯಲ್ಲಿ ನಡೆದ ಕುಟುಂಬ ಕೂಟವೊಂದರಲ್ಲಿ, ಹೊಸದಾಗಿ ಬಂದ ಯುವಕರನ್ನು ಉದ್ದೇಶಿಸಿ ಆಡಿದ ಮಾತಿನ ಬರಹರೂಪ. ಮೆಲ್ಬೋರ್ನಿನ ಗೆಳೆಯರು ಕೇಳಿದ್ದರಿಂದ ಅಲ್ಲಿನ ನಿಯಮಗಳನ್ನೂ ಸೇರಿಸಿದ್ದೇವೆ.)



ಮುಂದಿನ ಸಾಲಿನಲ್ಲಿರುವ ಹಿರಿಯರೇ, ಬಿರಿಯಾನಿಗೆ ದಮ್ ಇಟ್ಟು ಈ ಕಡೆಗೂ ಒಂದು ಕಿವಿ ಕೊಟ್ಟಿರುವ ಸಹೋದರಿಯರೇ, ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾ ಕೂತಿರುವ ತಮ್ಮಂದಿರೇ,

ಇವತ್ತು ನಮಗೆ ಕೊಟ್ಟ ವಿಷಯ ತೆರಿಗೆ ರಿಟರ್ನ್. ಬಿ.ಕಾಂ. ಓದಿ ಇಪ್ಪತ್ತು ವರ್ಷದಿಂದ ಕಂಡವರ ಲೆಕ್ಕ ಬರೆದುಕೊಂಡು ಬದುಕುವ ನಮ್ಮಂಥವರಿಗೆ ಬೇರೆ ಏನು ವಿಷಯ ಕೊಡ್ತಾರೆ? ಆದರೆ ತೆರಿಗೆ ವರ್ಷ ಮುಗಿಯುವುದು ಜೂನ್ 30ಕ್ಕೆ. ಅದನ್ನು ಜುಲೈಯಲ್ಲಿ ಮಾತಾಡುವ. ಇವತ್ತು ಬೇರೆ ಒಂದು ಲೆಕ್ಕ ಹೇಳಬೇಕು ಅಂತ ಅನಿಸಿದೆ, ಯಾಕೆಂದರೆ ಆ ಲೆಕ್ಕದಲ್ಲಿ ನಾವೇ ತಪ್ಪುವುದರಲ್ಲಿದ್ದೆವು.

ನಮ್ಮ ಹುಡುಗ ಒಬ್ಬ. ಹೆಸರು ಬೇಡ. ಬಿ.ಸಿ.ರೋಡ್ ಕಡೆಯವನು, ಓದಲಿಕ್ಕೆ ಬಂದವನು. ಸ್ಟೂಡೆಂಟ್ ವೀಸಾ. 2023ರ ಜುಲೈ 1ರಿಂದ ಇರುವ ನಿಯಮದ ಪ್ರಕಾರ ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ. ಇಲ್ಲಿ ಟೆಸ್ಟ್ ಪಾಸ್ ಮಾಡಿ, ಹಳೇ ಕಾರೊಂದನ್ನು ತೆಗೆದುಕೊಂಡು, ಹಿಂದೆ ಮುಂದೆ ಕೆಂಪು 'ಪಿ' ಬೋರ್ಡ್ ಅಂಟಿಸಿಕೊಂಡು ಪಾರ್ಸೆಲ್ ಹಂಚುತ್ತಿದ್ದ. ಒಂದು ಸಂಜೆ 60ರ ರಸ್ತೆಯಲ್ಲಿ 67ರಲ್ಲಿ ಹೋದ. ಬದಿಯಲ್ಲಿ ನಿಂತಿದ್ದ ಕಾರಿನ ಒಳಗೆ ಕ್ಯಾಮೆರಾ ಇತ್ತು. ಫೋಟೋ ಬಿತ್ತು.

ನೋಟಿಸ್ ಬಂತು. ಅವನೇನು ಮಾಡಿದ ಗೊತ್ತಾ? ಹಾಸಿಗೆಯ ಅಡಿಗೆ ಇಟ್ಟ. ಸುಮಾರು ಮೂರು ವಾರ ಅದರ ಮೇಲೆಯೇ ಮಲಗಿದ. ನಗಬೇಡಿ. ಈ ಹಾಲಿನಲ್ಲಿ ಕೂತವರಲ್ಲಿ ಲಕೋಟೆ ಬಿಡಿಸದೆ ಡ್ರಾಯರಿಗೆ ಹಾಕಿದವರು ಎಷ್ಟು ಜನ ಇದ್ದೀರಿ ಎಂದು ಕೈ ಎತ್ತಿಸಿದರೆ ನಾವೂ ಎತ್ತಬೇಕಾಗುತ್ತದೆ.

ಕೊನೆಗೆ ರೂಮ್‌ಮೇಟ್ ಚಾದರ ಬದಲಿಸುವಾಗ ಸಿಕ್ಕಿತು. ಆ ರಾತ್ರಿ ಊಟಕ್ಕೆ ನಾವೂ ಆ ಮನೆಯಲ್ಲಿದ್ದೆವು. ಹುಡುಗ ತಲೆ ಎತ್ತಲಿಲ್ಲ. "ಎಂತ ಮಾಡುದು ಇಚ್ಚಾ?" ಅಂತ ಒಂದೇ ಮಾತು. ನ್ಯೂ ಸೌತ್ ವೇಲ್ಸ್‌ನಲ್ಲಿ ಕೆಂಪು ಪಿ ಇರುವವರಿಗೆ ಇರುವ ಮಿತಿ 4 ಡಿಮೆರಿಟ್ ಪಾಯಿಂಟ್. ಎಷ್ಟೇ ಸಣ್ಣ ಸ್ಪೀಡಿಂಗ್ ಆಗಲಿ, ಅವರ ಖಾತೆಗೆ ಕನಿಷ್ಠ 4 ಪಾಯಿಂಟ್ ಬೀಳುತ್ತದೆ. ಅಂದರೆ ಒಂದೇ ಫೋಟೋಕ್ಕೆ ಲೈಸೆನ್ಸ್ ಕನಿಷ್ಠ 3 ತಿಂಗಳು ಅಮಾನತು. ಅದೇ ರಸ್ತೆಯಲ್ಲಿ ಅದೇ 67ರಲ್ಲಿ ಪೂರ್ಣ ಲೈಸೆನ್ಸ್ ಇರುವ ನಮ್ಮಂಥವರು ಹೋದರೆ ಬೀಳುವುದು 1 ಪಾಯಿಂಟ್. ನಮ್ಮ ಮಿತಿ 13.

ಲೆಕ್ಕ ಕಣ್ಣೆದುರು ಇತ್ತು. ಊಟದ ಸುಪ್ರದ ಸುತ್ತ ಕೂತವರಲ್ಲಿ ಮೂವರು ಒಟ್ಟಿಗೆ ಬಾಯಿ ಬಿಟ್ಟೆವು: "ನನ್ನ ಹೆಸರು ಹಾಕು ಮಾರಾಯ. ಒಂದು ಪಾಯಿಂಟ್ ಹೋದರೆ ಎಂತ ಆಗ್ತದೆ?" ಹೌದು, ಆ ಮೂವರಲ್ಲಿ ಈಗ ಮೈಕ್ ಹಿಡಿದಿರುವ ನಾವೂ ಸೇರಿದ್ದೆವು. ಇದು ಕೆಟ್ಟ ಮನಸ್ಸಿನಿಂದ ಬಂದ ಮಾತಲ್ಲ. ಊರಲ್ಲಿ ಒಬ್ಬನಿಗೆ ಕಷ್ಟ ಬಂದರೆ ಹೆಗಲು ಕೊಡುವುದನ್ನು ಕಲಿತು ಬಂದವರು ನಾವು. ಇಲ್ಲಿ ಹೆಗಲಿನ ಬದಲು ಪಾಯಿಂಟ್ ಕೊಡ್ತೇವೆ ಅಷ್ಟೇ ಅಂತ ಅಂದುಕೊಂಡೆವು.

ಮರುದಿನ ಬೆಳಿಗ್ಗೆ ಬೇರೆಯವರ ಹೆಸರು ಕೊಡುವ ಫಾರಂ ತೆರೆದೆವು. ಫಾರಂ ತುಂಬುವ ಕೆಲಸ ಯಾವತ್ತೂ ನಮ್ಮದೇ ಅಲ್ಲವಾ. ಚಾಲಕನ ಹೆಸರು, ಲೈಸೆನ್ಸ್ ನಂಬರ್, ವಿಳಾಸ. ಕೆಳಗೆ, ಇದು ಸತ್ಯ, ಸುಳ್ಳು ಮಾಹಿತಿ ಕೊಡುವುದು ಅಪರಾಧ ಎಂಬ ಅರ್ಥದ ಸಾಲು. ಆ ಸಾಲಿಗೆ ಬಂದಾಗ ಕೈ ನಿಂತಿತು. ನೆನಪಾದದ್ದು ಇದೇ ಸಿಡ್ನಿಯ ಒಬ್ಬ ಮನುಷ್ಯ.

ಮಾರ್ಕಸ್ ಐನ್‌ಫೆಲ್ಡ್. ಹಳಬರಿಗೆ ನೆನಪಿರಬಹುದು. ಫೆಡರಲ್ ಕೋರ್ಟಿನ ನ್ಯಾಯಾಧೀಶರಾಗಿದ್ದವರು. ಆಸ್ಟ್ರೇಲಿಯಾದ ಮಾನವ ಹಕ್ಕು ಆಯೋಗದ ಮೊದಲ ಅಧ್ಯಕ್ಷರು. ನಿರಾಶ್ರಿತರ ಪರ, ಮೂಲನಿವಾಸಿಗಳ ಪರ ಗಟ್ಟಿಯಾಗಿ ಮಾತಾಡಿದವರು. 2006ರ ಜನವರಿಯಲ್ಲಿ ಸಿಡ್ನಿಯ ಮಾಸ್ಮನ್‌ನಲ್ಲಿ ಅವರ ಕಾರು 50ರ ವಲಯದಲ್ಲಿ 60ರಲ್ಲಿ ಹೋಯಿತು. ಕ್ಯಾಮೆರಾ ಹಿಡಿಯಿತು. ದಂಡ ಎಷ್ಟು? 77 ಡಾಲರ್.

ಕಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಕಟ್ಟಲಿಲ್ಲ. ಆ ದಿನ ಕಾರು ಓಡಿಸಿದ್ದು ನಾನಲ್ಲ, ಅಮೆರಿಕದಿಂದ ಬಂದಿದ್ದ ಸ್ನೇಹಿತೆ, ಪ್ರಾಧ್ಯಾಪಕಿ ಟೆರೇಸಾ ಬ್ರೆನನ್‌ಗೆ ಕೊಟ್ಟಿದ್ದೆ ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದರು. ಕೋರ್ಟ್ ನಂಬಿತು. ನ್ಯಾಯಾಧೀಶರಾಗಿದ್ದವರ ಮಾತು, ನಂಬದೆ ಇರುವುದು ಹೇಗೆ? ಆಮೇಲೆ ಪತ್ರಿಕೆಯವರು ಹುಡುಕಿದರು. ಆ ಮಹಿಳೆ ಮೂರು ವರ್ಷ ಮೊದಲೇ, 2003ರಲ್ಲಿ ಅಮೆರಿಕದಲ್ಲಿ ತೀರಿಹೋಗಿದ್ದರು. ಒಂದು ಸುಳ್ಳನ್ನು ಮುಚ್ಚಲು ಮತ್ತಷ್ಟು ಸುಳ್ಳು ಬಂತು. 2009ರ ಮಾರ್ಚ್‌ನಲ್ಲಿ ಸುಳ್ಳು ಸಾಕ್ಷಿಗೂ ನ್ಯಾಯದ ದಾರಿ ತಪ್ಪಿಸಿದ್ದಕ್ಕೂ ಸೇರಿ ಮೂರು ವರ್ಷದ ಜೈಲು ಶಿಕ್ಷೆ ಆಯಿತು, ಅದರಲ್ಲಿ ಎರಡು ವರ್ಷ ಒಳಗಿರಲೇಬೇಕು. ಆಗ ಅವರಿಗೆ 70 ವರ್ಷ. ವಕೀಲರ ಪಟ್ಟಿಯಿಂದಲೂ ಹೆಸರು ಹೋಯಿತು.

ನಾವು ಲೆಕ್ಕದವರು. ಜಮೆ ಎಷ್ಟು, ಖರ್ಚು ಎಷ್ಟು ನೋಡುವುದು ನಮ್ಮ ಚಾಳಿ. ಒಂದು ಬದಿಯಲ್ಲಿ 77 ಡಾಲರ್. ಇನ್ನೊಂದು ಬದಿಯಲ್ಲಿ ಇಡೀ ಆಯುಷ್ಯದ ಹೆಸರು. ಅಷ್ಟು ದೊಡ್ಡವರನ್ನೇ ಬಿಡದ ಕಾನೂನು ವೀಸಾದ ಮೇಲೆ ಬದುಕುವ ನಮ್ಮನ್ನು ಬಿಡುತ್ತದಾ? ಹನ್ನೆರಡು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆ ಆದರೆ ವೀಸಾ ಕಾನೂನಿನ ನಡತೆಯ ಪರೀಕ್ಷೆಯಲ್ಲೇ ನಪಾಸು. ಸ್ಪೀಡಿಂಗ್ ಒಂದು ಟ್ರಾಫಿಕ್ ತಪ್ಪು. ಸುಳ್ಳು ಹೆಸರು ಕೊಟ್ಟ ಕ್ಷಣ ಅದು ಕ್ರಿಮಿನಲ್ ತಪ್ಪಾಗುತ್ತದೆ. ಅದೂ ಒಬ್ಬನದ್ದಲ್ಲ, ಹೆಸರು ಕೊಟ್ಟವನದ್ದೂ ಹೆಸರು ಒಪ್ಪಿಕೊಂಡವನದ್ದೂ. ಸುಳ್ಳು ಸಾಕ್ಷಿಯ ಬಗ್ಗೆ ನಮ್ಮ ಮದ್ರಸದಲ್ಲಿ ಉಸ್ತಾದರು ಹೇಳಿದ್ದನ್ನು ನಾವಿಲ್ಲಿ ಬೇರೆ ಹೇಳಬೇಕಾಗಿಲ್ಲ.

ಫಾರಂ ಮುಚ್ಚಿದೆವು. ಹುಡುಗನಿಗೆ ಫೋನ್ ಮಾಡಿ, "ನಿನ್ನೆ ನಾವು ಹೇಳಿದ್ದು ತಪ್ಪು, ಸಂಜೆ ಕೂತು ಸರಿಯಾಗಿ ನೋಡುವ" ಅಂದೆವು. ಆ ಸಂಜೆ ನೋಡಿದ್ದನ್ನೇ ಈಗ ನಿಮ್ಮ ಮುಂದಿಡುತ್ತೇವೆ. ನಾವು ವಕೀಲರಲ್ಲ, ಅದು ನೆನಪಿರಲಿ. ನಿಯಮ ಆಗಾಗ ಬದಲಾಗುತ್ತದೆ, ದಂಡದ ಮೊತ್ತ ವರ್ಷ ವರ್ಷ ಏರುತ್ತದೆ. ನಿಮ್ಮ ಕೈಯಲ್ಲಿರುವ ನೋಟಿಸ್ ಏನು ಹೇಳುತ್ತದೋ ಅದೇ ಮೊದಲ ಮಾತು.

ಮೊದಲನೆಯದು, ಲಕೋಟೆ ಬಿಡಿಸಿ ಓದುವುದು. ಸಿಡ್ನಿಯಲ್ಲಿ ನೋಟಿಸ್ ಬರುವುದು ರೆವೆನ್ಯೂ ಎನ್‌ಎಸ್‌ಡಬ್ಲ್ಯುನಿಂದ. ಮೆಲ್ಬೋರ್ನಿನಲ್ಲಾದರೆ ದಂಡದ ವ್ಯವಹಾರ ಫೈನ್ಸ್ ವಿಕ್ಟೋರಿಯಾದ್ದು. ನಾಲ್ಕು ವಿಷಯ ನೋಡಿ: ಗಾಡಿ ನಂಬರ್ ನಿಮ್ಮದೇನಾ, ದಿನ ಸಮಯ ಜಾಗ ಸರಿ ಇದೆಯಾ, ಎಷ್ಟು ಸ್ಪೀಡ್ ಎಂದು ಬರೆದಿದ್ದಾರೆ, ಕೊನೆಯ ದಿನ ಯಾವುದು. ಕ್ಯಾಮೆರಾದ ಫೋಟೋ ಆನ್‌ಲೈನ್‌ನಲ್ಲಿ ನೋಡಬಹುದು. ಅಂದಾಜಿನಲ್ಲಿ ಜಗಳಾಡುವ ಮೊದಲು ಆ ಫೋಟೋ ನೋಡಿ. ಈ ನೆಪದಲ್ಲಿ ಇನ್ನೊಂದು ಮಾತು. ನಮ್ಮ ಹುಡುಗರು ವರ್ಷಕ್ಕೆ ಮೂರು ಮನೆ ಬದಲಿಸುತ್ತಾರೆ. ಲೈಸೆನ್ಸ್‌ನಲ್ಲಿ ಮೊದಲ ಮನೆಯ ವಿಳಾಸವೇ ಇರುತ್ತದೆ. ನೋಟಿಸ್ ಅಲ್ಲಿಗೆ ಹೋಗುತ್ತದೆ, ಅಲ್ಲಿ ಈಗ ಯಾರೋ ಇದ್ದಾರೆ, ಅವರು ಕಸಕ್ಕೆ ಹಾಕುತ್ತಾರೆ. ಮನೆ ಬದಲಿಸಿದ 14 ದಿನದ ಒಳಗೆ ವಿಳಾಸ ಬದಲಿಸಬೇಕು ಎಂಬುದೂ ನಿಯಮವೇ. ಕಾಗದ ಸಿಗಲಿಲ್ಲ ಎಂದರೆ ಅಮಾನತು ನಿಲ್ಲುವುದಿಲ್ಲ. ಅಮಾನತು ಆದದ್ದೇ ಗೊತ್ತಿಲ್ಲದೆ ಗಾಡಿ ಓಡಿಸಿಕೊಂಡು ಸಿಕ್ಕಿಬಿದ್ದವರಿದ್ದಾರೆ.

ಎರಡನೆಯದು, ದಂಡ ಕಟ್ಟುವುದು. ತಪ್ಪು ನಮ್ಮದೇ, ಫೋಟೋ ಸ್ಪಷ್ಟ ಇದೆ ಎಂದಾದರೆ ಹೆಚ್ಚಿನವರಿಗೆ ಇದೇ ದಾರಿ. ಕಟ್ಟಿದರೆ ತಪ್ಪು ಒಪ್ಪಿದ ಹಾಗೆ, ಪಾಯಿಂಟ್ ಬೀಳುತ್ತದೆ. ಪಾಯಿಂಟ್ ಲೆಕ್ಕ ಶುರುವಾಗುವುದು ತಪ್ಪು ನಡೆದ ದಿನದಿಂದ, ಹಣ ಕಟ್ಟಿದ ದಿನದಿಂದ ಅಲ್ಲ. ಆದ್ದರಿಂದ ತಡ ಮಾಡಿ ಕಟ್ಟಿದರೆ ಪಾಯಿಂಟ್ ತಡವಾಗಿ ಬೀಳುತ್ತದೆ, ಒಳ್ಳೇದಾಗ್ತದೆ ಎಂಬ ಲೆಕ್ಕ ಬೇಡ.

ಕೆಲವರು ಊರಿನ ಲೆಕ್ಕ ಇಲ್ಲಿಗೆ ತರುತ್ತಾರೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಇದ್ದ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತ್ತು, ಜನ ಸಾಲು ನಿಂತು ಕಟ್ಟಿದರು. ಅಲ್ಲಿ ಕಾದವನಿಗೆ ಲಾಭ. ಇಲ್ಲಿ ಕಾದರೆ ರಿಮೈಂಡರ್ ಬರುತ್ತದೆ, ಮೇಲೆ ಶುಲ್ಕ ಸೇರುತ್ತದೆ, ಆಮೇಲೆ ಲೈಸೆನ್ಸಿಗೂ ಗಾಡಿಯ ರಿಜಿಸ್ಟ್ರೇಷನ್‌ಗೂ ಕೈ ಹಾಕುತ್ತಾರೆ. ಒಮ್ಮೆಗೇ ಕಟ್ಟಲು ಕೈಯಲ್ಲಿ ಇಲ್ಲದಿದ್ದರೆ ಕಂತಿನಲ್ಲಿ ಕಟ್ಟಲು ಎರಡೂ ರಾಜ್ಯದಲ್ಲಿ ಅವಕಾಶ ಇದೆ. ತೀರಾ ಕಷ್ಟದಲ್ಲಿರುವವರಿಗೆ, ಕಾಯಿಲೆಯವರಿಗೆ, ದಂಡದ ಬದಲು ಸೇವೆ, ಕೋರ್ಸು, ಚಿಕಿತ್ಸೆಯ ಮೂಲಕ ಸಾಲ ತೀರಿಸುವ ವ್ಯವಸ್ಥೆಯೂ ಇದೆ. ಸಿಡ್ನಿಯಲ್ಲಿ ಅದನ್ನು ವರ್ಕ್ ಆಂಡ್ ಡೆವಲಪ್‌ಮೆಂಟ್ ಆರ್ಡರ್ ಅಂತಾರೆ, ವಿಕ್ಟೋರಿಯಾದಲ್ಲಿ ಪರ್ಮಿಟ್ ಅಂತಾರೆ. ಕೇಳಿದವರಿಗೆ ಸಿಗುತ್ತದೆ, ಹಾಸಿಗೆ ಅಡಿಗೆ ಇಟ್ಟವರಿಗೆ ಸಿಗುವುದಿಲ್ಲ.

ಮೂರನೆಯದು, ಓಡಿಸಿದವರ ಹೆಸರು ಕೊಡುವುದು. ಇದು ನಿಜವಾಗಿ ಬೇರೆಯವರು ಓಡಿಸಿದಾಗ ಮಾತ್ರ. ಗಾಡಿ ನಿಮ್ಮ ಹೆಸರಲ್ಲಿದ್ದು ಗೆಳೆಯ ತೆಗೆದುಕೊಂಡು ಹೋಗಿದ್ದರೆ ಅವನ ಹೆಸರು ಕೊಡಬೇಕು. ಕೊಡಲಿಕ್ಕೆ ನಾಚಿಕೆ ಬೇಡ, ಅದು ಚಾಡಿಯಲ್ಲ. ಆದ್ದರಿಂದ ಗಾಡಿ ಯಾರಿಗಾದರೂ ಕೊಡುವಾಗ ದಿನಾಂಕ ಸಮಯ ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆದುಕೊಳ್ಳಿ. ಲೆಕ್ಕದವರ ಬುದ್ಧಿ ಅಂತ ನಗಾಡಿ, ಪರವಾಗಿಲ್ಲ.

ಇಲ್ಲಿ ಅಂಗಡಿ, ಕಂಪೆನಿ ಇಟ್ಟುಕೊಂಡ ಅಣ್ಣಂದಿರಿಗೂ ಒಂದು ಮಾತು. ನ್ಯೂ ಸೌತ್ ವೇಲ್ಸ್‌ನಲ್ಲಿ ಕಂಪೆನಿ ಹೆಸರಿನ ಗಾಡಿ ಕ್ಯಾಮೆರಾಕ್ಕೆ ಸಿಕ್ಕಿ, ಓಡಿಸಿದವರ ಹೆಸರು ಕೊಡದಿದ್ದರೆ ಕಂಪೆನಿಗೆ ಬೀಳುವ ದಂಡ ಐದು ಪಟ್ಟು. "ಹುಡುಗನ ಲೈಸೆನ್ಸ್ ಉಳಿಯಲಿ, ಕಂಪೆನಿ ಕಟ್ಟಲಿ" ಅನ್ನುವವರು ಇದನ್ನೂ ತಿಳಿದಿರಿ. ಕಟ್ಟಿದ ದಂಡವನ್ನು ಬಿಸಿನೆಸ್ ಖರ್ಚು ಅಂತ ತೆರಿಗೆಯಲ್ಲಿ ತೋರಿಸಲಿಕ್ಕೂ ಆಗುವುದಿಲ್ಲ. ಡೆಲಿವರಿ ಮಾಡುವ ತಮ್ಮಂದಿರು ಪ್ರತಿ ಜುಲೈ ಪೆಟ್ರೋಲ್ ಬಿಲ್ಲಿನ ನಡುವೆ ಈ ರಶೀದಿಯನ್ನೂ ತೂರಿಸಿ ಕೊಡ್ತಾರೆ. ಪೆಟ್ರೋಲ್ ಖರ್ಚು ಹೌದು, ಸ್ಪೀಡಿಂಗ್ ದಂಡ ಅಲ್ಲ. ನೋಡಿ, ಕೊನೆಗೂ ತೆರಿಗೆ ವಿಷಯಕ್ಕೆ ಬಂದೇ ಬಿಟ್ಟೆವು!

ನಾಲ್ಕನೆಯದು, ರಿವ್ಯೂ ಕೇಳುವುದು. ಅಂದರೆ ನೋಟಿಸ್ ಕೊಟ್ಟವರಿಗೇ ಮತ್ತೊಮ್ಮೆ ನೋಡಿ ಎಂದು ಬರೆಯುವುದು. ಗಾಡಿ ಕಳವಾಗಿತ್ತು, ಮಾರಿ ಆಗಿತ್ತು, ನಂಬರ್ ಪ್ಲೇಟ್ ನಕಲಿ, ಜೀವ ಉಳಿಸುವ ತುರ್ತು ಇತ್ತು ಎಂಬಂಥ ಕಾರಣ ಇದ್ದು, ಅದಕ್ಕೆ ಕಾಗದ ಇದ್ದರೆ ಬರೆಯಿರಿ. ಆಸ್ಪತ್ರೆಯ ಚೀಟಿ, ಪೊಲೀಸ್ ವರದಿ, ಮಾರಾಟದ ರಶೀದಿ ಜೊತೆಗಿರಲಿ. "ಕೆಲಸಕ್ಕೆ ಲೈಸೆನ್ಸ್ ಬೇಕು", "ರೂಲ್ಸ್ ಗೊತ್ತಿರಲಿಲ್ಲ", "ಎಲ್ಲರೂ ಅಷ್ಟೇ ಸ್ಪೀಡಲ್ಲಿ ಹೋಗ್ತಿದ್ರು" ಎಂಬುದು ಇಲ್ಲಿ ನಡೆಯುವುದಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಸಣ್ಣ ಸ್ಪೀಡಿಂಗ್‌ಗೆ ಹತ್ತು ವರ್ಷ ಶುದ್ಧ ದಾಖಲೆ ಇದ್ದವರನ್ನು ಎಚ್ಚರಿಕೆ ಕೊಟ್ಟು ಬಿಡುವುದುಂಟು. ಒಂದು ವರ್ಷದ ಲೈಸೆನ್ಸ್ ಇರುವ ಹುಡುಗನಿಗೆ ಆ ಬಾಗಿಲಿಲ್ಲ. ವಿಕ್ಟೋರಿಯಾದಲ್ಲಿ ಮಿತಿಗಿಂತ 10 ಕಿ.ಮೀ. ಒಳಗೆ ಮೀರಿದ್ದು, ಹಿಂದಿನ ವರ್ಷಗಳ ದಾಖಲೆ ಶುದ್ಧ ಇದ್ದರೆ ಎಚ್ಚರಿಕೆಯಾಗಿ ಬದಲಿಸಿ ಎಂದು ಕೇಳಬಹುದು. ಮೆಲ್ಬೋರ್ನಿನವರು ಅದನ್ನು ವಿಚಾರಿಸದೆ ಕಟ್ಟಬೇಡಿ.

ಐದನೆಯದು, ಕೋರ್ಟ್. ನಾನು ತಪ್ಪೇ ಮಾಡಿಲ್ಲ ಎನ್ನುವವನಿಗೆ ಇದು ಹಕ್ಕು. ತಪ್ಪು ಒಪ್ಪಿಕೊಂಡು ಕರುಣೆ ಕೇಳುವವನಿಗೂ ದಾರಿ ಇದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಸೆಕ್ಷನ್ 10 ಎಂದು ನೀವು ಕೇಳಿರಬಹುದು. ತಪ್ಪು ಸಾಬೀತಾದರೂ ಶಿಕ್ಷೆ ದಾಖಲಿಸದೆ ಬಿಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಹಾಗಾದರೆ ಪಾಯಿಂಟ್ ಬೀಳುವುದಿಲ್ಲ. ಆದರೆ ಅದು ಅವರ ವಿವೇಚನೆ, ನಮ್ಮ ಹಕ್ಕಲ್ಲ. ಇನ್ನೊಂದು ಬದಿಯನ್ನೂ ಬರೆಯಬೇಕು: ಸಾಮಾನ್ಯ ಸ್ಪೀಡಿಂಗ್‌ಗೂ ಕೋರ್ಟ್ 2,200 ಡಾಲರ್‌ವರೆಗೆ ದಂಡ ಹಾಕಬಹುದು, ಖರ್ಚು ಬೇರೆ, ಕನ್ವಿಕ್ಷನ್ ದಾಖಲಾಗುವ ಅಪಾಯ ಬೇರೆ. ನೋಟಿಸಿನ ದಂಡ ಕಟ್ಟಿದರೆ ಅಲ್ಲಿ ಅದು ಕ್ರಿಮಿನಲ್ ದಾಖಲೆ ಆಗುವುದಿಲ್ಲ. ಕೋರ್ಟಿಗೆ ಹೋಗುವ ಮೊದಲು ಲೀಗಲ್ ಏಡ್‌ನವರಲ್ಲಿ ಕೇಳಿ, ಪ್ರಾಥಮಿಕ ಸಲಹೆ ಉಚಿತ. "ನಾನು ಗ್ಯಾರಂಟಿ ಬಿಡಿಸಿ ಕೊಡ್ತೇನೆ" ಎಂದು ಸಾವಿರಾರು ಡಾಲರ್ ಕೇಳುವವರಿಗೆ ಮೊದಲೇ ಕೈ ಹಾಕಬೇಡಿ.

ಇನ್ನು ಅಮಾನತಿನ ಕಾಗದ. ದಂಡದ ನೋಟಿಸ್ ಬೇರೆ, ಲೈಸೆನ್ಸ್ ಅಮಾನತಿನ ಕಾಗದ ಬೇರೆ. ಎರಡನೆಯದು ಸಿಡ್ನಿಯಲ್ಲಿ ಟ್ರಾನ್ಸ್‌ಪೋರ್ಟ್ ಫಾರ್ ಎನ್‌ಎಸ್‌ಡಬ್ಲ್ಯುನಿಂದ ಬರುತ್ತದೆ. ಇದರಲ್ಲಿ ಎರಡು ರಾಜ್ಯಕ್ಕೆ ಎರಡು ದಾರಿ, ಚೆನ್ನಾಗಿ ಕೇಳಿ.

ಸಿಡ್ನಿಯಲ್ಲಿ ಪೂರ್ಣ ಲೈಸೆನ್ಸಿನವರು 13 ಪಾಯಿಂಟ್ ಮುಟ್ಟಿದರೆ ಅಮಾನತಿನ ಬದಲು ಹನ್ನೆರಡು ತಿಂಗಳ ಸನ್ನಡತೆಯ ಅವಧಿ ಆರಿಸಿಕೊಳ್ಳಬಹುದು. ಕಲಿಯುವವರಿಗೂ ಪಿ ಬೋರ್ಡಿನವರಿಗೂ ಆ ಆಯ್ಕೆ ಇಲ್ಲ. ಅವರಿಗೆ ಇರುವುದು ಲೋಕಲ್ ಕೋರ್ಟಿಗೆ ಮೇಲ್ಮನವಿ. ಕಾಗದ ಸಿಕ್ಕಿದ 28 ದಿನದ ಒಳಗೆ ಹಾಕಬೇಕು. ಅಲ್ಲಿ ಕೆಲಸದ ಅಗತ್ಯ, ಮನೆಯ ಪರಿಸ್ಥಿತಿ, ನಡತೆಯ ಪತ್ರ, ಟ್ರಾಫಿಕ್ ಅಫೆಂಡರ್ ಕೋರ್ಸ್ ಮಾಡಿದ್ದು ಎಲ್ಲ ಹೇಳಬಹುದು. ಮ್ಯಾಜಿಸ್ಟ್ರೇಟರು ಅಮಾನತು ತೆಗೆಯಬಹುದು, ಕಡಿಮೆ ಮಾಡಬಹುದು, ಇಲ್ಲ ಎನ್ನಲೂಬಹುದು. ನಡತೆಯ ಪತ್ರ ಬರೆಯಿರಿ ಎಂದು ನಮ್ಮಲ್ಲಿ ಬಂದರೆ ಗೊತ್ತಿರುವುದನ್ನು ಮಾತ್ರ ಬರೆಯುತ್ತೇವೆ.

ಮೆಲ್ಬೋರ್ನಿನಲ್ಲಿ ಪಿ ಬೋರ್ಡಿನವರ ಮಿತಿ ಹನ್ನೆರಡು ತಿಂಗಳಲ್ಲಿ 5 ಪಾಯಿಂಟ್, ಅಥವಾ ಮೂರು ವರ್ಷದಲ್ಲಿ 12. ಅಲ್ಲಿ ಮಿತಿಗಿಂತ 10 ಕಿ.ಮೀ. ಒಳಗೆ ಮೀರಿದರೆ 1 ಪಾಯಿಂಟ್, 10ರಿಂದ 24 ಮೀರಿದರೆ 3. ಅಂದರೆ ನಮ್ಮ ಹುಡುಗನ 67, ಟಾರ್ನೀಟ್‌ನಲ್ಲೋ ಡ್ಯಾಂಡಿನಾಂಗ್‌ನಲ್ಲೋ ಆಗಿದ್ದರೆ ಲೈಸೆನ್ಸ್ ಉಳಿಯುತ್ತಿತ್ತು. ಮಿತಿ ಮುಟ್ಟಿದಾಗ ಆಯ್ಕೆಯ ಪತ್ರ ಬರುತ್ತದೆ. ಮೂರು ತಿಂಗಳಾದರೂ ಅಮಾನತು ಅನುಭವಿಸುವುದು ಒಂದು. ಹನ್ನೆರಡು ತಿಂಗಳು ಒಂದೂ ಪಾಯಿಂಟ್ ಇಲ್ಲದೆ ಓಡಿಸುತ್ತೇನೆ ಎಂದು ಒಪ್ಪುವುದು ಇನ್ನೊಂದು. ಎರಡನೆಯದನ್ನು ಆರಿಸಿ ನಡುವೆ ಒಂದು ಪಾಯಿಂಟ್ ಬಿದ್ದರೂ ಅಮಾನತು ಎರಡು ಪಟ್ಟು. ದಿನಾ ಎಂಟು ಗಂಟೆ ರಸ್ತೆಯಲ್ಲಿರುವ ಡೆಲಿವರಿ ಹುಡುಗ ಇದನ್ನು ಆರಿಸುವ ಮೊದಲು ತನ್ನ ಬಲಗಾಲನ್ನೇ ಒಮ್ಮೆ ಕೇಳಿಕೊಳ್ಳಲಿ. ಪತ್ರಕ್ಕೆ ಉತ್ತರ ಕೊಡದಿದ್ದರೆ ಅಮಾನತು ತಾನೇ ಶುರುವಾಗುತ್ತದೆ.

ಇದೆಲ್ಲ ಸಣ್ಣ ಸ್ಪೀಡಿನ ಮಾತು. ದೊಡ್ಡದಕ್ಕೆ ಆಯ್ಕೆಯೇ ಕಡಿಮೆ. ನ್ಯೂ ಸೌತ್ ವೇಲ್ಸ್‌ನಲ್ಲಿ 30ಕ್ಕಿಂತ ಹೆಚ್ಚು ಮೀರಿದರೆ ಪಾಯಿಂಟ್ ಎಷ್ಟೇ ಉಳಿದಿರಲಿ, ಮೂರು ತಿಂಗಳು, 45ಕ್ಕಿಂತ ಹೆಚ್ಚು ಮೀರಿದರೆ ಆರು ತಿಂಗಳು ಅಮಾನತು. ವಿಕ್ಟೋರಿಯಾದಲ್ಲಿ 25 ಮೀರಿದರೇ ಮೂರು ತಿಂಗಳು. ಅಲ್ಲಿ 45 ಮೀರಿದರೆ ಗಾಡಿಯನ್ನೇ ಎಳೆದುಕೊಂಡು ಹೋಗುವ ಅಧಿಕಾರ ಪೊಲೀಸರಿಗಿದೆ.

ಈದ್‌ಗೆ, ಮದುವೆಗೆ ಅಂತ ಸಿಡ್ನಿಯಿಂದ ಮೆಲ್ಬೋರ್ನಿಗೆ ಹೂಮ್ ಹೈವೇಯಲ್ಲಿ ಹೊರಡುವ ತಮ್ಮಂದಿರೇ, ನಿಮಗೆ ಎರಡು ಮಾತು. ಬೋರ್ಡಿನಲ್ಲಿ 110 ಎಂದಿರಬಹುದು. ನ್ಯೂ ಸೌತ್ ವೇಲ್ಸ್‌ನ ಕೆಂಪು ಪಿ ಇರುವವನಿಗೆ 90, ಹಸಿರು ಪಿ ಇರುವವನಿಗೆ 100. ಅದಕ್ಕಿಂತ ಮೇಲೆ ಹೋದರೆ ಖಾಲಿ ರಸ್ತೆಯಾದರೂ ಸ್ಪೀಡಿಂಗೇ. ಮತ್ತೆ, ಬೇರೆ ರಾಜ್ಯದಲ್ಲಿ ಸಿಕ್ಕಿದರೆ ಲೆಕ್ಕಕ್ಕಿಲ್ಲ ಎಂಬ ಮಾತು ನಂಬಬೇಡಿ. ಗಡಿ ದಾಟಿದರೂ ಪಾಯಿಂಟ್ ಹಿಂದೆಯೇ ಬರುತ್ತದೆ. ತಲಪಾಡಿ ದಾಟಿದರೆ ಭಾಷೆ ಬದಲಾಗಬಹುದು, ಖಾತೆ ಬದಲಾಗುವುದಿಲ್ಲ ಎಂದು ಇಟ್ಟುಕೊಳ್ಳಿ. ಲಾಂಗ್ ವೀಕೆಂಡಿನಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಪಾಯಿಂಟ್ ಎರಡು ಪಟ್ಟು, ಅದೂ ನೆನಪಿರಲಿ.

ಊರಿನ ಲೈಸೆನ್ಸಿನಲ್ಲಿ ಓಡಿಸುವವರು ನಮಗೇನು ಎಂದು ಕೂರಬೇಡಿ. ತಪ್ಪು ಮಾಡಿದರೆ ಇಲ್ಲಿ ಓಡಿಸುವ ಅನುಮತಿಯನ್ನೇ ಹಿಂದೆ ತೆಗೆದುಕೊಳ್ಳಬಹುದು. 2023ರ ಜುಲೈ 1ರ ನಂತರ ನ್ಯೂ ಸೌತ್ ವೇಲ್ಸ್‌ಗೆ ತಾತ್ಕಾಲಿಕ ವೀಸಾದಲ್ಲಿ ಬಂದವರು ಆರು ತಿಂಗಳೊಳಗೆ ಇಲ್ಲಿನ ಲೈಸೆನ್ಸ್ ಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯ, ಅಮಾನತಿನಲ್ಲಿದ್ದಾಗ ಸ್ಟೇರಿಂಗ್ ಮುಟ್ಟಬೇಡಿ. "ಬರೀ ಮಸೀದಿವರೆಗೆ", "ಬರೀ ಸ್ಟೇಷನ್‌ವರೆಗೆ" ಬೇಡ. ಅದು ಟಿಕೆಟ್ ಅಲ್ಲ, ಕೋರ್ಟ್ ಕೇಸ್, ಜೈಲಿಗೂ ದಾರಿ ಇರುವ ಅಪರಾಧ. ಆ ಹೊತ್ತಿನಲ್ಲಿ ಯಾರಿಗಾದರೂ ಗುದ್ದಿದರೆ ಇನ್ಶೂರೆನ್ಸ್‌ನವರು ಕೈ ತೊಳೆದುಕೊಳ್ಳುತ್ತಾರೆ. ಎದುರಿನದ್ದು ದುಬಾರಿ ಕಾರಾದರೆ ಊರಿನ ಅಡಿಕೆ ತೋಟ ಮಾರಿದರೂ ಸಾಲದು.

ಈಗ ನಮ್ಮ ಹುಡುಗನ ಲೆಕ್ಕಕ್ಕೆ ಬರುವ. ಎಲ್ಲ ದಾರಿ ಅವನ ಮುಂದೆ ಇಟ್ಟೆವು. ಫೋಟೋ ನೋಡಿದ, ತನ್ನದೇ ಗಾಡಿ, ಸಂಶಯ ಇಲ್ಲ. ಉಚಿತ ಸಲಹೆಯವರಲ್ಲಿ ಮಾತಾಡಿದ. ಮೇಲ್ಮನವಿ ಹಾಕಬಹುದು, ಫಲ ಹೇಳಲಾಗದು ಎಂದರು. ಒಂದು ರಾತ್ರಿ ಯೋಚನೆ ಮಾಡಿ, "ಬೇಡ ಇಚ್ಚಾ, ಮೂರು ತಿಂಗಳು ನಡೀತೇನೆ" ಅಂದ. ಅದು ಅವನ ತೀರ್ಮಾನ. ಬೇರೆಯವನು ಮೇಲ್ಮನವಿ ಹಾಕಿದರೆ ತಪ್ಪೆಂದು ನಾವು ಹೇಳುವುದಿಲ್ಲ.

ಮೂರು ತಿಂಗಳು ಸುಲಭ ಇರಲಿಲ್ಲ. ಪಾರ್ಸೆಲ್ ಕೆಲಸ ಹೋಯಿತು. ಮನೆಯಿಂದ ರೈಲಿನಲ್ಲಿ ಹೋಗುವಷ್ಟು ದೂರದ ಸೂಪರ್ ಮಾರ್ಕೆಟಿನಲ್ಲಿ ರಾತ್ರಿ ಸಾಮಾನು ಜೋಡಿಸುವ ಕೆಲಸ ಸಿಕ್ಕಿತು. ರಾತ್ರಿ ಕೊನೆಯ ರೈಲು ತಪ್ಪಿದ ದಿನ ಕರೆತರಲು ಆ ಮನೆಯವರೂ ನಾವೂ ಸೇರಿ ಪಾಳಿ ಮಾಡಿಕೊಂಡೆವು. ಆ ರಾತ್ರಿ "ನನ್ನ ಹೆಸರು ಹಾಕು" ಎಂದ ಮೂವರ ಹೆಸರೇ ಪಾಳಿಯಲ್ಲಿ ಮೊದಲು. ಹೆಸರು ಕೊಡುತ್ತೇವೆ ಎಂದಿದ್ದೆವಲ್ಲ, ಕೊಟ್ಟೆವು, ಜಾಗ ಮಾತ್ರ ಬೇರೆ. ಊರಿಗೆ ಕಳಿಸುವ ಹಣ ಕಡಿಮೆಯಾಯಿತು. ಕಾರಣ ಹೇಳಬೇಕಾಯಿತು. ನಮ್ಮೆದುರೇ ಉಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ದಂಡ ಎಷ್ಟು ಎಂದು ಉಮ್ಮ ಕೇಳಲಿಲ್ಲ. ಲೈಸೆನ್ಸ್ ಯಾವಾಗ ವಾಪಸ್ ಸಿಗ್ತದೆ ಎಂದೂ ಕೇಳಲಿಲ್ಲ. "ಯಾರಿಗೂ ತಾಗಿಲ್ಲ ಅಲ್ಲವಾ ಮೋನೇ?" ಎಂದು ಎರಡು ಸಲ ಕೇಳಿದರು.

ಆ ಪ್ರಶ್ನೆ ನಮ್ಮ ಯಾವ ಲೆಕ್ಕದಲ್ಲೂ ಇರಲಿಲ್ಲ. ದಂಡ, ಪಾಯಿಂಟ್, ದಿನ, ಫೀಸು ಎಲ್ಲ ಬರೆದಿದ್ದೆವು. ರಸ್ತೆಯಲ್ಲಿ ಇನ್ನೊಬ್ಬರಿರುತ್ತಾರೆ ಎಂಬ ಕಾಲಂ ಬಿಟ್ಟಿದ್ದೆವು. ಹೆದ್ದಾರಿ 66 ಮತ್ತು 75ರ ಬದಿಯಲ್ಲಿ ಹುಟ್ಟಿ ಬೆಳೆದವರು ನಾವು. ಬೆಳಿಗ್ಗೆ ಸ್ಕೂಟರ್ ಹತ್ತಿ ಹೋದವರು ಸಂಜೆ ಆಂಬ್ಯುಲೆನ್ಸ್‌ನಲ್ಲಿ ಬಂದದ್ದನ್ನು ನೋಡಿದ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಆ ಉಮ್ಮನಿಗೆ ಡಿಮೆರಿಟ್ ಪಾಯಿಂಟ್ ಗೊತ್ತಿಲ್ಲ, ಆದರೆ ಈ ಕಾನೂನು ಯಾಕೆ ಇದೆ ಎಂದು ನಮಗಿಂತ ಚೆನ್ನಾಗಿ ಗೊತ್ತಿದೆ.

ಆಮೇಲೆ ಕೂತು ಆ ಕಾಲಂ ಕೂಡ ಬರೆದೆವು. 10 ಕಿಲೋಮೀಟರ್ ದಾರಿಯನ್ನು 60ರ ಬದಲು 67ರಲ್ಲಿ ಹೋದರೆ ಉಳಿಯುವುದು ಒಂದು ನಿಮಿಷ, ಮೇಲೆ ಮೂರು ಸೆಕೆಂಡ್. ಆದರೆ ಗುದ್ದುವ ಶಕ್ತಿ ಸ್ಪೀಡಿನ ವರ್ಗದಂತೆ ಏರುತ್ತದೆ, ಶಾಲೆಯಲ್ಲಿ ಓದಿದ್ದೇವೆ. ಲೆಕ್ಕ ಹಾಕಿದರೆ 60ಕ್ಕಿಂತ 67ರಲ್ಲಿ ಸುಮಾರು ಕಾಲು ಪಾಲು ಹೆಚ್ಚು. ಒಂದು ನಿಮಿಷದ ಲಾಭಕ್ಕೆ ಕಾಲು ಪಾಲು ಹೆಚ್ಚು ಹೊಡೆತ. ಇಂಥ ವ್ಯಾಪಾರವನ್ನು ನಮ್ಮ ಹಳೇ ಬಂದರಿನ ಯಾವ ವ್ಯಾಪಾರಿಯೂ ಒಪ್ಪಲಾರ.

ಈಗ ಅವನ ಲೈಸೆನ್ಸ್ ವಾಪಸ್ ಬಂದಿದೆ. ಅಲ್‌ಹಮ್ದುಲಿಲ್ಲಾಹ್. ಇವತ್ತು ಈ ಹಾಲಿಗೆ ಪಾತ್ರೆ, ಕುರ್ಚಿ ತಂದವನೂ ಅವನೇ, ಸ್ವಲ್ಪ ತಡವಾಗಿ ತಂದ. ಯಾರೂ ಬೈಯಬೇಡಿ.

ಕೊನೆಯ ಮಾತು. ಪ್ರತಿ ಶನಿವಾರ ಅಸರ್ ನಮಾಝಿನ ನಂತರ ನಾವು ನಾಲ್ಕೈದು ಮಂದಿ ಒಟ್ಟಿಗೆ ಕೂರುತ್ತೇವೆ. ಚಾ ಇರುತ್ತದೆ. ನಿಮ್ಮ ಕಾಗದಗಳನ್ನು ತನ್ನಿ. ದಂಡದ್ದಿರಲಿ, ಬ್ಯಾಂಕಿನದ್ದಿರಲಿ, ವೀಸಾದ್ದಿರಲಿ, ಬಿಡಿಸಲು ಹೆದರಿಕೆ ಆಗುವ ಲಕೋಟೆ ಇದ್ದರೆ ಬಿಡಿಸದೆಯೇ ತನ್ನಿ, ಒಟ್ಟಿಗೆ ಬಿಡಿಸುವ. ನಮಗೆ ಗೊತ್ತಿರುವುದನ್ನು ಹೇಳುತ್ತೇವೆ, ಗೊತ್ತಿಲ್ಲದ್ದಕ್ಕೆ ಗೊತ್ತಿರುವವರಲ್ಲಿ ಕಳಿಸುತ್ತೇವೆ. ಒಂದೇ ಒಂದು ಕೆಲಸ ನಮ್ಮಲ್ಲಿ ಕೇಳಬೇಡಿ, ಸುಳ್ಳು ಹೆಸರು ಬರೆಯಲು. ಆ ಫಾರಂ ಒಮ್ಮೆ ತೆರೆದು ಮುಚ್ಚಿದ್ದೇವೆ, ಇನ್ನು ತೆರೆಯುವುದಿಲ್ಲ.

ಹೊರಗೆ ಮಳೆ ಬರುತ್ತಿದೆ. ಬಿರಿಯಾನಿ ತಿಂದು ನಿಧಾನ ಹೋಗಿ. ಮನೆ ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕಿ. ದುಆದಲ್ಲಿ ನಮ್ಮನ್ನೂ ನೆನಪಿಡಿ.

ವಸ್ಸಲಾಂ.